ಸಂಬಳಕ್ಕಷ್ಟೇ ಗುಣಾಕಾರ, ಖರ್ಚಿಗಿಲ್ಲ!

ಹಂದನಕೆರೆಯ ನಮ್ಮ ಮನೆಯಲ್ಲಿ ಅಪ್ಪ ದಿನಕ್ಕೆ ಎರಡು ರೇಟು ವಿಚಾರಿಸುತ್ತಾರೆ. ಒಂದು, ತಿಪಟೂರು ಮಾರ್ಕೆಟ್ಟಿನಲ್ಲಿ ಕ್ವಿಂಟಲ್ ಕೊಬ್ಬರಿ ಎಷ್ಟಕ್ಕೆ ಹೋಯ್ತು ಅನ್ನೋದು. ಇನ್ನೊಂದು, ಇಂಗ್ಲೆಂಡಿನ ಪೌಂಡಿಗೆ ಇವತ್ತು ಎಷ್ಟು ರೂಪಾಯಿ ಅನ್ನೋದು. ನನ್ನ ತಮ್ಮ 2021ರಲ್ಲಿ ಹೆಂಡತಿ ಜೊತೆ ರೀಡಿಂಗ್ ಊರಿಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೋದಾಗಿನಿಂದ ಈ ಎರಡನೇ ರೇಟು ಸೇರಿಕೊಂಡಿದೆ.

ಅಪ್ಪನ ಲೆಕ್ಕ ಸುಲಭ. ಪೌಂಡಿಗೆ 115 ರೂಪಾಯಿ ಹಿಡಿದರೆ, ವರ್ಷಕ್ಕೆ 41,700 ಪೌಂಡ್ ಸಂಬಳ ಅಂದರೆ ಹತ್ತಿರ ಹತ್ತಿರ 48 ಲಕ್ಷ. ಈ 41,700 ಸುಮ್ಮನೆ ಆರಿಸಿದ ಸಂಖ್ಯೆ ಅಲ್ಲ. ನುರಿತ ಕೆಲಸಗಾರರ ವೀಸಾ ಬೇಕೆಂದರೆ ಸಾಮಾನ್ಯವಾಗಿ ಕನಿಷ್ಠ ಇಷ್ಟು ಸಂಬಳ ಇರಲೇಬೇಕು ಅಂತ ಬ್ರಿಟನ್ ಸರ್ಕಾರ 2025ರ ಜುಲೈ 22ರಿಂದ ನಿಯಮ ಮಾಡಿದೆ. 2024ರ ಏಪ್ರಿಲ್‌ಗೆ ಮೊದಲು ಇದು 26,200 ಇತ್ತು. ಮದುವೆ ಮನೆಗಳಲ್ಲಿ, ಕಟ್ಟೆ ಮೇಲೆ, ಬಸ್ಸಿನಲ್ಲಿ ಯಾರೇ ಕೇಳಲಿ, ಅಪ್ಪ ಹೇಳುವುದು ಆ 48 ಲಕ್ಷವನ್ನೇ. ತೆರಿಗೆ, ರಾಷ್ಟ್ರೀಯ ವಿಮೆ ಕಳೆದು ಕೈಗೆ ಬರುವುದು ತಿಂಗಳಿಗೆ ಸುಮಾರು 2,800 ಪೌಂಡ್ ಅನ್ನೋದು ಆ ಲೆಕ್ಕದಲ್ಲಿ ಬರೋದೇ ಇಲ್ಲ. ಪಿಂಚಣಿಗೆ ಹಿಡಿದರೆ ಅದೂ ಇಲ್ಲ.

ಅದರಲ್ಲಿ ಬಾಡಿಗೆ ತೆಗೆಯಿರಿ. 2025ರಲ್ಲಿ ಬ್ರಿಟನ್ನಿನ ಸರಾಸರಿ ಮನೆ ಬಾಡಿಗೆಯೇ ತಿಂಗಳಿಗೆ 1,300 ಪೌಂಡ್ ದಾಟಿದೆ, ಲಂಡನ್ನಿನಲ್ಲಂತೂ 2,200ಕ್ಕೂ ಮೇಲೆ. ಕೌನ್ಸಿಲ್ ತೆರಿಗೆ, ಗ್ಯಾಸು, ಕರೆಂಟು, ರೈಲು ಎಲ್ಲ ಬೇರೆ. ‘ಅಲ್ಲಿ ದುಡಿದು ಇಲ್ಲಿ ಖರ್ಚು ಮಾಡಿದ್ರೆ ರಾಜ, ಅಲ್ಲೇ ದುಡಿದು ಅಲ್ಲೇ ಖರ್ಚು ಮಾಡಿದ್ರೆ ಬಾಡಿಗೆದಾರ ಅಷ್ಟೆ ಅಕ್ಕ’ ಅಂತ ತಮ್ಮ ನಗುತ್ತಾನೆ.

ಬೆಲೆ ಏರಿಕೆ ಎಲ್ಲ ಕಡೆ ಇದೆ, ಬೆಂಗಳೂರಿನಲ್ಲಿ ನಾವೇನು ಸುಖವಾಗಿದ್ದೀವಾ ಅಂತ ನೀವು ಕೇಳಬಹುದು. ನಾನೂ ಹಾಗೇ ಕೇಳಿದ್ದೆ. ಆದರೆ ಹೊರದೇಶದಲ್ಲಿ ನೆಲೆಸಿದವರಿಗೆ ಅಂಗಡಿಯ ಬೆಲೆಯ ಮೇಲೆ ಇನ್ನೊಂದು ಬೆಲೆ ಇರುತ್ತದೆ. ಅದು ‘ಹೊರಗಿನವ’ ಅನ್ನೋದಕ್ಕೆ ಕಟ್ಟುವ ಬೆಲೆ. ಅಲ್ಲಿಯೇ ಹುಟ್ಟಿದ ಪಕ್ಕದ ಮನೆಯವನಿಗೆ ಅದು ಇಲ್ಲ.

ಬ್ರಿಟನ್ನಿನಲ್ಲಿ ಅದರ ದೊಡ್ಡ ಭಾಗ ವಲಸಿಗರ ಆರೋಗ್ಯ ಶುಲ್ಕ. 2015ರಲ್ಲಿ ಶುರುವಾದಾಗ ವರ್ಷಕ್ಕೆ 200 ಪೌಂಡ್ ಇತ್ತು. 2019ರಲ್ಲಿ 400 ಆಯಿತು, 2020ರಲ್ಲಿ 624. 2024ರ ಫೆಬ್ರವರಿ 6ರಿಂದ ದೊಡ್ಡವರಿಗೆ 1,035, ಮಕ್ಕಳಿಗೆ 776. ಒಂಬತ್ತು ವರ್ಷದಲ್ಲಿ ಐದು ಪಟ್ಟು! ವೀಸಾ ಎಷ್ಟು ವರ್ಷದ್ದೋ ಅಷ್ಟೂ ವರ್ಷದ ದುಡ್ಡನ್ನು ಅರ್ಜಿ ಹಾಕುವಾಗಲೇ ಒಟ್ಟಿಗೆ ಕಟ್ಟಬೇಕು. ಅಲ್ಲಿನ ಆರೋಗ್ಯ ಸೇವೆ ನಡೆಯುವುದೇ ಮುಖ್ಯವಾಗಿ ತೆರಿಗೆ ದುಡ್ಡಿನಲ್ಲಿ, ಆ ತೆರಿಗೆಯನ್ನೂ ಇವರು ಎಲ್ಲರಂತೆ ತಿಂಗಳು ತಿಂಗಳು ಕಟ್ಟುತ್ತಾರೆ. ಅಂದರೆ ಒಂದೇ ಆಸ್ಪತ್ರೆಗೆ ಎರಡು ಸಲ.

ತಮ್ಮನ ವೀಸಾ ನವೀಕರಣ ಬಂದದ್ದು 2024ರಲ್ಲಿ, ದರ ಏರಿದ ಮೇಲೆ. ಗಂಡ, ಹೆಂಡತಿ, ಅಲ್ಲೇ ಹುಟ್ಟಿದ ಮಗು. ಮೂರು ವರ್ಷಕ್ಕೆ ಒಟ್ಟು 8,538 ಪೌಂಡ್. ಆಗಿನ ರೇಟಿನಲ್ಲಿ ಒಂಬತ್ತು ಲಕ್ಷ ರೂಪಾಯಿ. ಕಂಪನಿ ಪಾಲು ಕೊಡಲಿಲ್ಲ. ಅರ್ಜಿ ಶುಲ್ಕ ಬೇರೆ. ‘ಅಪ್ಪಂಗೆ ಹೇಳ್ಬೇಡ ಅಕ್ಕ’ ಅಂದ. ನಾನೂ ಹೇಳಲಿಲ್ಲ.

ಹೇಳದೇ ಇರೋದಕ್ಕೆ ಹಿಂದಿನ ವರ್ಷದ ಕಥೆಯೂ ಕಾರಣ. 2023ರಲ್ಲಿ ನಮ್ಮ ಸೀಮೆಯಲ್ಲಿ ಕೊಬ್ಬರಿ ನೆಲ ಕಚ್ಚಿತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿ ಇದ್ದರೆ, ತಿಪಟೂರಿನಲ್ಲಿ 8 ಸಾವಿರದ ಆಸುಪಾಸಿಗೆ ಹೋಗುತ್ತಿತ್ತು. ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರು ಎಲ್ಲ ಕಡೆ ರೈತರು ಅಟ್ಟದಲ್ಲಿಟ್ಟ ಕಾಯಿಯನ್ನು ಸುಲಿಯಲೋ ಬೇಡವೋ ಅಂತ ಕೂತಿದ್ದ ಕಾಲ. ಅದೇ ವೇಳೆಗೆ ಬೋರ್‌ವೆಲ್ ಕೈಕೊಟ್ಟಿತು. ಅಪ್ಪ ಫೋನು ಮಾಡಿದರು, ತಮ್ಮ ದುಡ್ಡು ಕಳಿಸಿದ. ಕ್ರೆಡಿಟ್ ಕಾರ್ಡಿನ ಮೇಲೆ ಸಾಲ ಮಾಡಿ ಕಳಿಸಿದ್ದ ಅನ್ನೋದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ಆ ವರ್ಷ ಅಲ್ಲೂ ನೆಟ್ಟಗಿರಲಿಲ್ಲ. ಬ್ರಿಟನ್ನಿನ ಹಣದುಬ್ಬರ 2022ರ ಅಕ್ಟೋಬರಿನಲ್ಲಿ ಶೇ. 11.1 ಮುಟ್ಟಿತ್ತು. 2023ರ ಮಾರ್ಚಿನಲ್ಲಿ ಆಹಾರದ ಬೆಲೆಯೊಂದೇ ವರ್ಷದಲ್ಲಿ ಶೇ. 19ರಷ್ಟು ಏರಿತ್ತು. ಸಾಧಾರಣ ಮನೆಯೊಂದರ ಗ್ಯಾಸು, ಕರೆಂಟಿನ ವಾರ್ಷಿಕ ಖರ್ಚಿನ ಮಿತಿ 2021ರ ಅಕ್ಟೋಬರಿನಲ್ಲಿ 1,277 ಪೌಂಡ್ ಇದ್ದದ್ದು ಒಂದೇ ವರ್ಷದಲ್ಲಿ 2,500ಕ್ಕೆ ಬಂತು. ಸರ್ಕಾರ ಕರೆಂಟ್ ಬಿಲ್ಲಿಗೆ 400 ಪೌಂಡ್ ಎಲ್ಲರಿಗೂ ಕೊಟ್ಟಿತು ನಿಜ. ಆದರೆ ಕಡಿಮೆ ಆದಾಯದವರಿಗೆ ಕೊಟ್ಟ ನೂರಾರು ಪೌಂಡುಗಳ ಪರಿಹಾರ ಸರ್ಕಾರಿ ಭತ್ಯೆ ಪಡೆಯುವವರಿಗೆ ಸೇರಿದ್ದು. ತಮ್ಮನಂಥವರ ವೀಸಾದಲ್ಲಿ ‘ಸರ್ಕಾರಿ ನೆರವಿಗೆ ಅರ್ಹತೆ ಇಲ್ಲ’ ಅನ್ನುವ ಷರತ್ತು ಇರುತ್ತದೆ. ಮಗುವಿನ ಭತ್ಯೆಯೂ ಇಲ್ಲ.

ಇದರ ಬಿಸಿ ಹೆಚ್ಚು ತಟ್ಟಿದ್ದು ನಮ್ಮ ನಾದಿನಿಗೆ. ಅವಳೂ ಇಂಜಿನಿಯರ್. ಕೆಲಸಕ್ಕೆ ಹೋಗಬೇಕಾದರೆ ಮಗುವನ್ನು ನರ್ಸರಿಗೆ ಬಿಡಬೇಕು, ಪೂರ್ತಿ ದಿನಕ್ಕೆ ತಿಂಗಳಿಗೆ ಸಾವಿರ ಪೌಂಡ್ ಮೀರುವುದು ಅಲ್ಲಿ ಸಾಮಾನ್ಯ. ಇಂಗ್ಲೆಂಡಿನಲ್ಲಿ 2025ರ ಸೆಪ್ಟೆಂಬರಿನಿಂದ ದುಡಿಯುವ ಅಪ್ಪ ಅಮ್ಮಂದಿರ 9 ತಿಂಗಳ ಮಗುವಿಗೂ ವಾರಕ್ಕೆ 30 ಗಂಟೆ ಉಚಿತ ಆರೈಕೆ ಬಂದಿದೆ. ಗಂಡ ಹೆಂಡತಿ ಇಬ್ಬರಿಗೂ ಆ ಷರತ್ತಿನ ವೀಸಾ ಇದ್ದರೆ ಅದು ಸಿಗದು. ಮಗುವಿಗೆ ಮೂರು ತುಂಬಿದ ಮೇಲೆ ಎಲ್ಲರಿಗೂ ಸಿಗುವ 15 ಗಂಟೆ ಮಾತ್ರ. ಹೀಗಾಗಿ ಅವಳು ಮೂರು ವರ್ಷ ಮನೆಯಲ್ಲೇ ಉಳಿದಳು. ಊರಲ್ಲಿ ಮಾತ್ರ ‘ಗಂಡ ಅಷ್ಟು ದುಡಿತಾನೆ, ಅವಳ್ಯಾಕೆ ಹೋಗ್ತಾಳೆ ಬಿಡಿ’ ಅನ್ನುವ ಮಾತು.

ಬ್ರಿಟನ್ನಿನ ಕಥೆ ಇಷ್ಟಾದರೆ ಬೇರೆ ದೇಶಗಳದ್ದು ಬೇರೆ ಬೇರೆ ವೇಷ. ಸೌದಿ ಅರೇಬಿಯಾ 2017ರ ಜುಲೈನಲ್ಲಿ ವಿದೇಶಿ ನೌಕರರ ಕುಟುಂಬದ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು, 2020ಕ್ಕೆ ಅದು 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಅಂದರೆ ವರ್ಷಕ್ಕೆ 14,400 ರಿಯಾಲ್. 2020ರಲ್ಲೇ ಅಲ್ಲಿನ ವ್ಯಾಟ್ ಶೇ. 5ರಿಂದ 15ಕ್ಕೂ ಹೋಯಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಒಬ್ಬರೇ ಉಳಿದ ಗಂಡಸರ ಕಥೆ ಕರಾವಳಿಯ ಮನೆಗಳಲ್ಲಿ ಈಗಲೂ ಕೇಳುತ್ತೆ. ಅಮೆರಿಕದಲ್ಲಿರುವ ನಮ್ಮವರಿಗೆ ನೆನಪಿರುವುದು 2023ರ ಜುಲೈ 20. ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಭಾರತ ನಿಲ್ಲಿಸಿದ್ದೇ ತಡ, ಅಲ್ಲಿನ ಇಂಡಿಯನ್ ಸ್ಟೋರುಗಳ ಮುಂದೆ ಸೋನಾ ಮಸೂರಿಗೆ ಕ್ಯೂ, ಒಬ್ಬರಿಗೆ ಒಂದೇ ಚೀಲ ಅಂತ ಬೋರ್ಡು. ಸ್ಟೋರಿನ ಕಪಾಟು ಖಾಲಿಯಾದ ವಾಟ್ಸಾಪ್ ಫೋಟೋ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿತ್ತು. ಸರ್ಕಾರ ಇಲ್ಲಿನವರಿಗೆ ಅಕ್ಕಿ ಬೆಲೆ ಏರದಿರಲಿ ಅಂತ ಮಾಡಿದ್ದು, ಅದು ತಪ್ಪು ಅಂತ ನಾನು ಹೇಳಲಾರೆ. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ.

ಇನ್ನು ತೆಂಗಿನಕಾಯಿ. 2025ರಲ್ಲಿ ಲೆಕ್ಕವೇ ತಲೆಕೆಳಗಾಯಿತು. ಬರ, ಬಿಸಿಲು, ಬಿಳಿ ನೊಣ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಎಲ್ಲ ಸೇರಿ ತೋಟಗಳಲ್ಲಿ ಇಳುವರಿ ಬಿತ್ತು, ಬೆಲೆ ಎದ್ದಿತು. ಬೆಂಬಲ ಬೆಲೆ 12,100 ಇದ್ದ ಉಂಡೆ ಕೊಬ್ಬರಿ ತಿಪಟೂರಿನಲ್ಲಿ ಮಧ್ಯ ವರ್ಷದ ಹೊತ್ತಿಗೆ 30 ಸಾವಿರದ ಸುತ್ತಮುತ್ತ ಬಂತು. ಅಪ್ಪನ ಮುಖದಲ್ಲಿ ಬಹಳ ದಿನದ ಮೇಲೆ ಕಳೆ. ಅದೇ ವಾರ ರೀಡಿಂಗ್‌ನಿಂದ ನಾದಿನಿಯ ಮೆಸೇಜು: ‘ಅತ್ತಿಗೆ, ಕಾಯಿ ಒಂದಕ್ಕೆ ಎರಡು ಪೌಂಡ್! ಚಟ್ನಿಗೆ ಕಡ್ಲೇನೇ ಜಾಸ್ತಿ ಹಾಕ್ತಿದೀನಿ.’ ತೆಂಗಿನ ಸೀಮೆಯ ಸೊಸೆ!

ಆ ಸಂಜೆ ಅಪ್ಪ ಮತ್ತೆ ಯಾರಿಗೋ 48 ಲಕ್ಷದ ಲೆಕ್ಕ ಹೇಳುತ್ತಿದ್ದರು. ತಡೆಯಲಾರದೆ ನಾನು ಆ ಒಂಬತ್ತು ಲಕ್ಷದ ವಿಷಯ ಹೇಳಿಬಿಟ್ಟೆ.

‘ಒಂಬತ್ತು ಲಕ್ಷ ಆಸ್ಪತ್ರೆಗೆ ಕಟ್ಟಿದ್ನಾ? ಯಾರಿಗೆ ಹುಷಾರಿರ್ಲಿಲ್ಲ?’ ಅಂತ ಎದ್ದು ನಿಂತರು ಅಪ್ಪ.

ಯಾರಿಗೂ ಏನೂ ಆಗಿಲ್ಲ, ಅಲ್ಲಿರೋದಕ್ಕೇ ಕಟ್ಟಬೇಕು ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಬೋರ್‌ವೆಲ್ಲಿನ ಸಾಲದ ಮಾತು ಮಾತ್ರ ಆಗಲೂ ಬಾಯಿಗೆ ಬರಲಿಲ್ಲ. ಮುಂದಿನದನ್ನು ಹೇಳಿದೆ. ಐದು ವರ್ಷ ತುಂಬಿದ ಮೇಲೆ ಕಾಯಂ ವಾಸದ ಅನುಮತಿಗೆ ಒಬ್ಬರಿಗೆ 3,029 ಪೌಂಡ್, ಇದು 2025ರ ಏಪ್ರಿಲ್‌ನ ದರ. 2014ರಲ್ಲಿ ಇದು 1,093 ಇತ್ತು. ಸಾಲದ್ದಕ್ಕೆ, ಆ ಐದು ವರ್ಷವನ್ನೇ ಹತ್ತು ಮಾಡುವ ಪ್ರಸ್ತಾವವನ್ನು 2025ರ ಮೇ ತಿಂಗಳಲ್ಲಿ ಸರ್ಕಾರ ಮುಂದಿಟ್ಟಿದೆ. ಹತ್ತಾದರೆ ಇನ್ನೂ ಐದು ವರ್ಷ ಆರೋಗ್ಯ ಶುಲ್ಕ.

ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: ‘ಇಲ್ಲಿಂದ ಅಲ್ಲಿಗೆ ದುಡ್ಡು ಕಳಿಸ್ಬಹುದಾ?’

ಕಳಿಸಬಹುದು. ಇಲ್ಲಿರುವವರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಬ್ಯಾಂಕಿನ ಮೂಲಕ ಕಳಿಸಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ. 2025ರ ಏಪ್ರಿಲ್‌ನಿಂದ, ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿವರೆಗೆ ಬ್ಯಾಂಕು ಟಿಸಿಎಸ್ ಹಿಡಿಯುವುದಿಲ್ಲ. ಮೊದಲು 7 ಲಕ್ಷ ಇತ್ತು. ನಾನು ಇದನ್ನೆಲ್ಲ ಫೋನಿನಲ್ಲಿ ನೋಡಿ ಹೇಳುತ್ತಿದ್ದರೆ ಅಪ್ಪ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲಿ ಏನೋ ಬರೆಯುತ್ತಿದ್ದರು.

ತಮ್ಮ ಮರುದಿನ ಫೋನಿನಲ್ಲಿ ನನ್ನ ಮೇಲೆ ರೇಗಿದ. ‘ಅಪ್ಪನ ದುಡ್ಡು ನಂಗ್ಯಾಕೆ, ನೀನ್ಯಾಕೆ ಹೇಳೋಕೋದೆ’ ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪ ಏನಂದ್ರು?’ ಅಂತ ಕೇಳಿದ.

ಕ್ಯಾಲೆಂಡರಿನ ಹಿಂದೆ ಇದ್ದದ್ದು ಇಷ್ಟು: ಒಬ್ಬರ ಫೀಸು ಮೂರೂವರೆ ಲಕ್ಷ. ಈ ವರ್ಷದ ರೇಟಿಗೆ ಹನ್ನೆರಡು ಕ್ವಿಂಟಲ್ ಕೊಬ್ಬರಿ. 2023ರ ರೇಟಿಗಾಗಿದ್ದರೆ ನಲವತ್ತನಾಲ್ಕು. ಅದರ ಕೆಳಗೆ, ಅಟ್ಟದಲ್ಲಿ ಇನ್ನೂ ಎಷ್ಟು ಕಾಯಿ ಇದೆ ಅನ್ನೋ ಲೆಕ್ಕ.