ಒಬ್ಬರ ಅಡುಗೆ: ತಪ್ಪು ಕಲ್ಪನೆ ಮತ್ತು ಸತ್ಯ

ಓದಿಗೋ ನೌಕರಿಗೋ ಬಂದು ಚಿತ್ರದುರ್ಗ, ಹಿರಿಯೂರಿನಲ್ಲಿ ಬಾಡಿಗೆ ಕೋಣೆ ಹಿಡಿದವರು, ಮಕ್ಕಳು ಪಟ್ಟಣ ಸೇರಿದ ಮೇಲೆ ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಉಳಿದ ಹಿರಿಯರು ತಮ್ಮೊಬ್ಬರಿಗಾಗಿಯೇ ಒಲೆ ಹಚ್ಚುತ್ತಾರೆ. ಮಳೆ ಕಡಿಮೆಯಾದ ಈ ಸೀಮೆಯ ರಾಗಿ, ಸಾವೆ, ನವಣೆ, ಹುರುಳಿ, ಶೇಂಗಾ ಹೆಚ್ಚು ಸಂಸ್ಕರಣೆಯಿಲ್ಲದೆ ಊಟವಾಗುವ ಬೆಳೆಗಳು. ಹೀಗಿದ್ದೂ ಒಬ್ಬರ ಅಡುಗೆಯ ಬಗ್ಗೆ ಹಲವು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ: ಒಬ್ಬರಿಗಾಗಿ ಅಡುಗೆ ಮಾಡುವುದು ದಂಡ.

ಸತ್ಯ: ಒಂದು ಲೋಟ ನೀರು ಕುದಿಯಲು ಬಂದಾಗ ಅರ್ಧ ಲೋಟದಷ್ಟು ರಾಗಿ ಹಿಟ್ಟು ಸುರಿದು, ಸಣ್ಣ ಉರಿಯಲ್ಲಿ ಬೇಯಲು ಬಿಟ್ಟು, ಗಂಟಿಲ್ಲದಂತೆ ಕೋಲಿನಿಂದ ತಿರುವಿದರೆ ಒಬ್ಬರಿಗೆ ಸಾಕಾಗುವ ಮುದ್ದೆ ಸಿದ್ಧ. ರಾತ್ರಿ ನೆನೆಹಾಕಿದ ಒಂದು ಹಿಡಿ ಹುರುಳಿಯನ್ನು ಬೆಳಿಗ್ಗೆ ಸಣ್ಣ ಕುಕ್ಕರಿನಲ್ಲಿ ಬೇಯಿಸಿ ಬಸಿದರೆ ಕಟ್ಟು ಬಸ್ಸಾರಿಗಾಗುತ್ತದೆ, ಕಾಳು ಪಲ್ಯಕ್ಕಾಗುತ್ತದೆ. ಒಂದೇ ಉರಿಯಲ್ಲಿ ಎರಡು ಪದಾರ್ಥ ಕೊಡುವ ಬಸ್ಸಾರು ಒಬ್ಬರ ಅಡುಗೆಗೆ ಹೇಳಿ ಮಾಡಿಸಿದಂತಿದೆ.

ತಪ್ಪು ಕಲ್ಪನೆ: ಸಂಸ್ಕರಿಸಿದ್ದೆಲ್ಲ ಕೆಟ್ಟದ್ದು, ಸಿರಿಧಾನ್ಯದ ಹೆಸರಿರುವುದೆಲ್ಲ ಒಳ್ಳೆಯದು.

ಸತ್ಯ: ಬೀಸುವುದು, ಒಣಗಿಸುವುದು, ಹೆಪ್ಪು ಹಾಕುವುದು ಕೂಡ ಸಂಸ್ಕರಣೆಯೇ. ಸಾವೆ, ನವಣೆಗಳ ಗಟ್ಟಿ ಹೊಟ್ಟು ತೆಗೆಯದೆ ಉಣ್ಣಲಾಗದು. ಆದರೆ ಕಾಳು ಬೆಳ್ಳಗೆ ಹೊಳೆಯುವವರೆಗೆ ಪಾಲಿಶ್ ಮಾಡಿದರೆ ಹೊಟ್ಟಿನ ಒಳಗಿನ ತೌಡೂ ಹೋಗಿ ನಾರು, ಖನಿಜಾಂಶ ಕಡಿಮೆಯಾಗುತ್ತವೆ. ಮಾಸಲು ಬಣ್ಣದ ಅಕ್ಕಿಯನ್ನೇ ಆರಿಸಿಕೊಳ್ಳುವುದು ಲೇಸು. ರಾಗಿಯನ್ನು ಸಾಮಾನ್ಯವಾಗಿ ಸಿಪ್ಪೆ ಸಮೇತ ಬೀಸುವುದರಿಂದ ಅದರಲ್ಲಿ ಈ ನಷ್ಟವಿಲ್ಲ. ಪೊಟ್ಟಣದ ಮೇಲೆ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ನಮೂದಿಸುವುದು ಕಡ್ಡಾಯ. ರಾಗಿ ಬಿಸ್ಕತ್ತಿನ ಪಟ್ಟಿಯಲ್ಲಿ ಮೈದಾ, ಸಕ್ಕರೆ ಮೊದಲಿದ್ದರೆ ಅದು ಮೈದಾ ಬಿಸ್ಕತ್ತೇ.

ತಪ್ಪು ಕಲ್ಪನೆ: ರಾಗಿ ಎಷ್ಟು ತಿಂದರೂ ಸಕ್ಕರೆ ಕಾಯಿಲೆಯವರಿಗೆ ತೊಂದರೆಯಿಲ್ಲ.

ಸತ್ಯ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನಾ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇವೆ. ಬಿಳಿ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಮನ್ನೂ ಮುಟ್ಟದು, ನಾರು 3 ಗ್ರಾಮಿಗಿಂತ ಕಡಿಮೆ. ಆದರೆ ಪಿಷ್ಟದ ವಿಚಾರದಲ್ಲಿ ಅಂತರ ಇಷ್ಟು ದೊಡ್ಡದಲ್ಲ: ಅಕ್ಕಿಯಲ್ಲಿ 100 ಗ್ರಾಮಿಗೆ ಶರ್ಕರಪಿಷ್ಟ ಸುಮಾರು 78 ಗ್ರಾಂ, ರಾಗಿಯಲ್ಲಿ 67. ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಆದ್ದರಿಂದ ಮುದ್ದೆಯ ಗಾತ್ರ ಮುಖ್ಯ, ಜೊತೆಗೆ ಕಾಳು, ಸೊಪ್ಪು ಇರುವುದೂ ಅಷ್ಟೇ ಮುಖ್ಯ.

ತಪ್ಪು ಕಲ್ಪನೆ: ಮಾಂಸ, ಮೊಟ್ಟೆ ಇಲ್ಲದಿದ್ದರೆ ಪ್ರೋಟೀನ್ ಸಿಗದು.

ಸತ್ಯ: 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆಯಿರುವ ಮಿಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿ ಸಾರು, ನವಣೆ ಅನ್ನಕ್ಕೆ ತೊಗರಿಬೇಳೆ ಸೇರಿದಾಗ ಎರಡರ ಕೊರತೆಯೂ ತುಂಬುತ್ತದೆ. ಅದೇ ಸಂಸ್ಥೆಯ 2024ರ ಮಾರ್ಗಸೂಚಿ 2,000 ಕ್ಯಾಲೊರಿಯ ದಿನದೂಟದಲ್ಲಿ 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, ಸೊಪ್ಪು ಇರಲಿ ಎನ್ನುತ್ತದೆ. ಒಬ್ಬರೇ ಇರುವವರ ತಟ್ಟೆಯಲ್ಲಿ ಅನ್ನ ಹೆಚ್ಚಾಗಿ ಮೊದಲು ಕಡಿಮೆಯಾಗುವುದು ಇವೆರಡೇ.

ತಪ್ಪು ಕಲ್ಪನೆ: ಗಾಣದ ಎಣ್ಣೆ, ಬೆಲ್ಲ ಎಷ್ಟು ಬಳಸಿದರೂ ಒಳ್ಳೆಯದೇ.

ಸತ್ಯ: ಗಾಣದಿಂದ ಬಂದರೂ ಗಿರಣಿಯಿಂದ ಬಂದರೂ ಒಂದು ಗ್ರಾಂ ಶೇಂಗಾ ಎಣ್ಣೆಯಲ್ಲಿ 9 ಕ್ಯಾಲೊರಿ. ಗಾಣದೆಣ್ಣೆಯ ಘಮ, ರುಚಿ ಹೆಚ್ಚು; ಅದರಿಂದ ಅಳತೆ ಸಡಿಲವಾಗಬಾರದು. ಮೇಲೆ ಹೇಳಿದ ದಿನದೂಟದಲ್ಲಿ ಕೊಬ್ಬು, ಎಣ್ಣೆಗೆ ಇರುವ ಪಾಲು ಸುಮಾರು 27 ಗ್ರಾಂ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಗಳಿದ್ದರೂ ಅದರ ಬಹುಪಾಲು ಸಕ್ಕರೆಯೇ.

ತಪ್ಪು ಕಲ್ಪನೆ: ಫ್ರಿಜ್ಜಿನಲ್ಲಿಟ್ಟ ಊಟವೆಲ್ಲ ವಿಷ, ಹೊರಗಿಟ್ಟದ್ದನ್ನು ಕುದಿಸಿದರೆ ಸಾಕು.

ಸತ್ಯ: ಅಪಾಯ ಇರುವುದು ಹೊರಗೆ ಬಿಟ್ಟ ಅನ್ನದಲ್ಲಿ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಉತ್ಪಾದಿಸಬಲ್ಲವು. ಆ ವಿಷಗಳಲ್ಲಿ ಒಂದು ಮತ್ತೆ ಕುದಿಸಿದರೂ ನಾಶವಾಗದು. ಉಳಿದ ಅನ್ನ, ಸಾರನ್ನು ಎರಡು ತಾಸಿನೊಳಗೆ ಅಗಲ ಪಾತ್ರೆಯಲ್ಲಿ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಬೇಕಾದಷ್ಟನ್ನು ಮಾತ್ರ ಚೆನ್ನಾಗಿ ಬಿಸಿ ಮಾಡಿ ಉಣ್ಣಬಹುದು. ಫ್ರಿಜ್ ಇಲ್ಲದ ಕೋಣೆಯಲ್ಲಿ ಕಾಳು, ಹಿಟ್ಟು ಒಣಗಿದ್ದಾಗಲೇ ಜೋಪಾನ ಮಾಡಿ, ಆಯಾ ಹೊತ್ತಿಗೆ ಬೇಕಾದಷ್ಟನ್ನೇ ಬೇಯಿಸುವುದು ಸುರಕ್ಷಿತ.