ಕನ್ನಡದಲ್ಲಿ ಜಾಲತಾಣ ರೂಪಿಸುವವರಿಗೆ ಪ್ರಾಥಮಿಕ ಮಾಹಿತಿ: ತಂತ್ರಾಂಶದ ಆಯ್ಕೆ ಮತ್ತು ಬಳಕೆ

1. ಪೀಠಿಕೆ

ಸ್ವಸಹಾಯ ಗುಂಪುಗಳು, ಸಹಕಾರ ಸಂಘಗಳು, ಯುವಕ ಮಂಡಲಗಳು ಹಾಗೂ ಸಣ್ಣ ಉದ್ದಿಮೆದಾರರು ತಮ್ಮ ಚಟುವಟಿಕೆಗಳ ಮಾಹಿತಿಯನ್ನು ಅಂತರಜಾಲದಲ್ಲಿ ಪ್ರಕಟಿಸಲು ಆಸಕ್ತಿ ವಹಿಸುತ್ತಿರುವುದು ಸ್ವಾಗತಾರ್ಹ. ಇದಕ್ಕಾಗಿ ಯಾವ ತಂತ್ರಾಂಶವನ್ನು ಬಳಸಬೇಕು, ಎಷ್ಟು ವೆಚ್ಚ ತಗಲುತ್ತದೆ ಎಂಬುದು ಹೊಸಬರಲ್ಲಿ ಮೂಡುವ ಮೊದಲ ಪ್ರಶ್ನೆ. ಈ ಪ್ರಶ್ನೆಗಳಿಗೆ ಉತ್ತರ ನೀಡುವುದರೊಂದಿಗೆ, ಇವುಗಳಿಗಿಂತ ಮುಖ್ಯವಾದ ಒಂದು ವಿಷಯವನ್ನು ಗಮನಕ್ಕೆ ತರುವುದು ಈ ಪುಟದ ಉದ್ದೇಶವಾಗಿದೆ. ಜಾಲತಾಣವನ್ನು ಎಷ್ಟೇ ಅಂದವಾಗಿ ರೂಪಿಸಿದರೂ, ಅದರಲ್ಲಿನ ಕನ್ನಡವು ಓದುಗರ ಗಣಕಯಂತ್ರದಲ್ಲಾಗಲಿ ಮೊಬೈಲಿನಲ್ಲಾಗಲಿ ಕನ್ನಡವಾಗಿಯೇ ಕಾಣದಿದ್ದಲ್ಲಿ ಮಾಡಿದ ಖರ್ಚು ವ್ಯರ್ಥವಾಗುತ್ತದೆ.

ವಿವರಣೆಯ ಅನುಕೂಲಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳಲಾಗಿದೆ. ಕಲಬುರಗಿ ಜಿಲ್ಲೆಯ ಮಹಿಳಾ ಸ್ವಸಹಾಯ ಗುಂಪೊಂದು ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ತಯಾರಿಸಿ ಮಾರುತ್ತಿದೆ ಎಂದು ಭಾವಿಸೋಣ. ಬೆಂಗಳೂರಿನಲ್ಲಿ ನೆಲೆಸಿರುವ ಗ್ರಾಹಕರೊಬ್ಬರು "ಜೋಳದ ರೊಟ್ಟಿ" ಎಂದು ಕನ್ನಡದಲ್ಲಿ ಹುಡುಕಿದಾಗ ಈ ಗುಂಪಿನ ಪುಟ ಅವರಿಗೆ ದೊರೆಯಬೇಕು. ಮುಂದಿನ ವಿವರಗಳೆಲ್ಲವೂ ಈ ಒಂದು ಗುರಿಗೆ ಸಂಬಂಧಿಸಿವೆ.

2. ಜಾಲಪುಟ ಎಂದರೇನು?

ಜಾಲಪುಟವು ಮೂಲತಃ ಅಕ್ಷರಗಳಿಂದ ಕೂಡಿದ ಒಂದು ಸಾಮಾನ್ಯ ಕಡತ. ಇದನ್ನು ಎಚ್‌ಟಿಎಂಎಲ್ ಎಂಬ ಗುರುತು ಭಾಷೆಯಲ್ಲಿ ಬರೆಯಲಾಗುತ್ತದೆ. ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಚಿತ್ರ, ಯಾವುದು ಇನ್ನೊಂದು ಪುಟದ ಕೊಂಡಿ ಎಂಬುದನ್ನು "ಟ್ಯಾಗ್" ಎಂಬ ಚಿಹ್ನೆಗಳು ಸೂಚಿಸುತ್ತವೆ. ಬ್ರೌಸರ್ ಈ ಚಿಹ್ನೆಗಳನ್ನು ಓದಿ ಪುಟವನ್ನು ಪರದೆಯ ಮೇಲೆ ಜೋಡಿಸುತ್ತದೆ.

ಈ ವ್ಯವಸ್ಥೆಯ ಪ್ರಸ್ತಾವನೆಯನ್ನು ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಸಲ್ಲಿಸಿದರು. 1993ರ ಏಪ್ರಿಲ್ 30ರಂದು ಸರ್ನ್ ಇದನ್ನು ಸಾರ್ವಜನಿಕ ಬಳಕೆಗೆ ಮುಕ್ತಗೊಳಿಸಿತು. ಆದ್ದರಿಂದ ಎಚ್‌ಟಿಎಂಎಲ್‌ನಲ್ಲಿ ಪುಟ ಬರೆಯಲು ಯಾರಿಗೂ ಶುಲ್ಕ ಪಾವತಿಸಬೇಕಾಗಿಲ್ಲ, ಯಾರ ಅನುಮತಿಯನ್ನೂ ಪಡೆಯಬೇಕಾಗಿಲ್ಲ.

3. ತಂತ್ರಾಂಶಗಳ ವಿಧಗಳು

ಜಾಲತಾಣ ವಿನ್ಯಾಸಕ್ಕೆ ಬಳಸುವ ತಂತ್ರಾಂಶಗಳನ್ನು ಈ ಕೆಳಕಂಡಂತೆ ನಾಲ್ಕು ವಿಧಗಳಾಗಿ ವಿಂಗಡಿಸಬಹುದು.

(ಅ) ಪಠ್ಯ ಸಂಪಾದಕಗಳು: ವಿಂಡೋಸ್‌ನೊಂದಿಗೆ ಬರುವ ನೋಟ್‌ಪ್ಯಾಡ್ ಇದಕ್ಕೆ ಉದಾಹರಣೆ. ಇದರಲ್ಲಿ ಟ್ಯಾಗುಗಳನ್ನು ಕೈಯಿಂದಲೇ ಬೆರಳಚ್ಚಿಸಬೇಕು. ಕಲಿಕೆಗೆ ಇದು ಅತ್ಯಂತ ಸೂಕ್ತ. ವೆಚ್ಚವಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮತ್ತು ವಿಷುವಲ್ ಸ್ಟುಡಿಯೋ ಕೋಡ್ ಸಹ ಉಚಿತವಾಗಿ ಲಭ್ಯವಿದ್ದು, ಟ್ಯಾಗುಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ ತಪ್ಪುಗಳನ್ನು ಗುರುತಿಸಲು ನೆರವಾಗುತ್ತವೆ.

(ಆ) ದೃಶ್ಯ ಸಂಪಾದಕಗಳು: ಇವುಗಳಲ್ಲಿ ಪುಟವು ಹೇಗೆ ಕಾಣುತ್ತದೆಯೋ ಹಾಗೆಯೇ ತಿದ್ದಬಹುದು. ಟ್ಯಾಗುಗಳನ್ನು ತಂತ್ರಾಂಶವೇ ಬರೆಯುತ್ತದೆ. 1997ರಲ್ಲಿ ಬಂದ ಡ್ರೀಮ್‌ವೀವರ್ ಈ ವರ್ಗಕ್ಕೆ ಸೇರಿದ್ದು, ಇದಕ್ಕೆ ಚಂದಾ ಪಾವತಿಸಬೇಕಾಗುತ್ತದೆ. ಹಿಂದೆ ಹಲವು ತರಬೇತಿ ಕೇಂದ್ರಗಳಲ್ಲಿ ಕಲಿಸಲಾಗುತ್ತಿದ್ದ ಮೈಕ್ರೋಸಾಫ್ಟ್ ಫ್ರಂಟ್‌ಪೇಜ್ 2006ರಲ್ಲಿ ಸ್ಥಗಿತಗೊಂಡಿದೆ. ಹಳೆಯ ಪುಸ್ತಕಗಳನ್ನು ನೋಡಿ ಕಲಿಯುವವರು ಇದನ್ನು ಗಮನಿಸತಕ್ಕದ್ದು.

(ಇ) ವಿಷಯ ನಿರ್ವಹಣಾ ತಂತ್ರಾಂಶಗಳು: 2003ರಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ ಈ ವರ್ಗದಲ್ಲಿ ಹೆಚ್ಚು ಬಳಕೆಯಲ್ಲಿದೆ. ಇದು ಮುಕ್ತ ತಂತ್ರಾಂಶ. ಬೆಲೆ, ದಿನಾಂಕ, ಸುದ್ದಿ ಮುಂತಾದವುಗಳನ್ನು ಪದೇ ಪದೇ ಬದಲಿಸಬೇಕಾದ ಸಂಸ್ಥೆಗಳಿಗೆ ಅನುಕೂಲಕರ. ಆದರೆ ಕಾಲಕಾಲಕ್ಕೆ ಪರಿಷ್ಕೃತ ಆವೃತ್ತಿಗಳನ್ನು ಅಳವಡಿಸದಿದ್ದಲ್ಲಿ ಸುರಕ್ಷತೆಗೆ ಧಕ್ಕೆ ಉಂಟಾಗುತ್ತದೆ.

(ಈ) ಆನ್‌ಲೈನ್ ನಿರ್ಮಾಣ ಸೇವೆಗಳು: ಗೂಗಲ್ ಸೈಟ್ಸ್, ಬ್ಲಾಗರ್, ವಿಕ್ಸ್ ಮುಂತಾದವು. ಇವುಗಳನ್ನು ಬ್ರೌಸರ್‌ನಲ್ಲಿಯೇ ಬಳಸಬಹುದು. ಕೆಲವೇ ಗಂಟೆಗಳಲ್ಲಿ ಪುಟ ಸಿದ್ಧವಾಗುತ್ತದೆ. ಆದರೆ ಸೇವೆ ನಿಂತರೆ ಪುಟವೂ ಇಲ್ಲವಾಗುತ್ತದೆ. ಜನಪ್ರಿಯವಾಗಿದ್ದ ಯಾಹೂ ಸಂಸ್ಥೆಯ ಜಿಯೋಸಿಟೀಸ್ ಸೇವೆಯು 2009ರ ಅಕ್ಟೋಬರ್‌ನಲ್ಲಿ ಮುಚ್ಚಿದಾಗ ಅದರಲ್ಲಿದ್ದ ಖಾಸಗಿ ಪುಟಗಳು ತಾಣದಿಂದ ಮರೆಯಾದವು. ಆದ್ದರಿಂದ ಬರಹ ಮತ್ತು ಚಿತ್ರಗಳ ಒಂದು ಪ್ರತಿಯನ್ನು ಸ್ವಂತ ಗಣಕಯಂತ್ರದಲ್ಲಿ ಇಟ್ಟುಕೊಳ್ಳುವುದು ಅವಶ್ಯಕ.

ಉದಾಹರಣೆಯಲ್ಲಿ ಹೇಳಿದಂತಹ ಗುಂಪಿಗೆ ಒಂದೆರಡು ಪುಟ ಸಾಕಾಗುತ್ತದೆ. ಅಂತಹವರು (ಅ) ವರ್ಗದಿಂದ ಕಲಿತು, ಬಳಿಕ ಅಗತ್ಯಕ್ಕನುಗುಣವಾಗಿ (ಇ) ಅಥವಾ (ಈ) ವರ್ಗಕ್ಕೆ ಹೋಗುವುದು ಸೂಕ್ತ.

4. ಕನ್ನಡ ಅಕ್ಷರಗಳ ಸಂಕೇತ: ಬಹುಮುಖ್ಯ ಅಂಶ

ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳಾಗಿ ದಾಖಲಿಸುತ್ತದೆ. ಹಿಂದೆ ಬಳಕೆಯಲ್ಲಿದ್ದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಉದಾಹರಣೆಗೆ, ಹಳೆಯ ನುಡಿ ಫಾಂಟುಗಳಲ್ಲಿ "ಕ" ಅಕ್ಷರದ ಆಕಾರವು ಇಂಗ್ಲಿಷಿನ ದೊಡ್ಡ "ಪಿ" ಅಕ್ಷರದ ಸ್ಥಾನದಲ್ಲಿದ್ದು, ತಲೆಕಟ್ಟು ಬೇರೊಂದು ಚಿಹ್ನೆಯ ಸ್ಥಾನದಲ್ಲಿತ್ತು. ಆ ಫಾಂಟು ಇರುವ ಯಂತ್ರದಲ್ಲಿ ಬರಹ ಕನ್ನಡವಾಗಿ ಕಾಣುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಮುದ್ರಣಕ್ಕೆ ಇದರಿಂದ ತೊಂದರೆ ಇರಲಿಲ್ಲ. ಕಾಗದದ ಮೇಲೆ ಆಕಾರ ಮೂಡಿದರೆ ಸಾಕಾಗಿತ್ತು. ಆದರೆ ಜಾಲಪುಟವು ಬೇರೆಯವರ ಯಂತ್ರದಲ್ಲಿ ತೆರೆಯುವಂತಹುದು.

ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಪ್ರತ್ಯೇಕವಾಗಿ ಮೀಸಲಿಡಲಾಗಿದೆ. ಇದರಲ್ಲಿ "ಕ" ಅಕ್ಷರದ ಸಂಖ್ಯೆ 3221. ಈ ಸಂಖ್ಯೆ ಜಗತ್ತಿನ ಯಾವ ಯಂತ್ರದಲ್ಲಿಯೂ ಬೇರೆ ಅಕ್ಷರವನ್ನು ಸೂಚಿಸುವುದಿಲ್ಲ. ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿ ಆವೃತ್ತಿಯಿಂದ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟು ಒದಗಿಸಲಾಗಿದೆ. ಇಂದಿನ ಮೊಬೈಲುಗಳಲ್ಲಿಯೂ ಕನ್ನಡ ಫಾಂಟು ಅಂತರ್ಗತವಾಗಿರುತ್ತದೆ.

ವ್ಯತ್ಯಾಸದ ಪರಿಣಾಮ ಹೀಗಿದೆ: ಮೇಲಿನ ಸ್ವಸಹಾಯ ಗುಂಪು ತನ್ನ ಪುಟವನ್ನು ಹಳೆಯ ಫಾಂಟಿನಲ್ಲಿ ಸಿದ್ಧಪಡಿಸಿದರೆ "ಜೋಳದ ರೊಟ್ಟಿ" ಎಂದು ಹುಡುಕಿದ ಗ್ರಾಹಕರಿಗೆ ಆ ಪುಟ ದೊರೆಯುವುದಿಲ್ಲ. ಏಕೆಂದರೆ ಕಡತದಲ್ಲಿ ಆ ಪದವೇ ಇರುವುದಿಲ್ಲ. ದೃಷ್ಟಿ ವಿಕಲಚೇತನರು ಬಳಸುವ ಪರದೆ ಓದುವ ತಂತ್ರಾಂಶವೂ ಅದನ್ನು ಕನ್ನಡವಾಗಿ ಓದಲಾರದು. ಕನ್ನಡದ ಕರಪತ್ರವನ್ನು ಚಿತ್ರವಾಗಿ ಮಾತ್ರ ಹಾಕಿದಾಗಲೂ ಇವೇ ತೊಂದರೆಗಳು ಎದುರಾಗಬಹುದು.

ಸೇವೆಗಳಿಗೆ ಆನ್‌ಲೈನ್ ಅರ್ಜಿ ಸಲ್ಲಿಸುವವರಿಗೂ ಈ ಅಂಶ ಅನ್ವಯಿಸುತ್ತದೆ. ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ ಹೆಸರು, ವಿಳಾಸವನ್ನು ನಕಲು ಮಾಡಿ ಅರ್ಜಿ ನಮೂನೆಯ ಅಂಕಣದಲ್ಲಿ ಅಂಟಿಸಿದರೆ ಅಲ್ಲಿ ದಾಖಲಾಗುವುದು ಕನ್ನಡವಲ್ಲ. ಅಂತಹ ಅರ್ಜಿಯನ್ನು ಪರಿಶೀಲಿಸುವವರಿಗೆ ಅರ್ಜಿದಾರರ ಹೆಸರನ್ನು ಓದಲು ಸಾಧ್ಯವಾಗುವುದಿಲ್ಲ.

ಹಳೆಯ ಫಾಂಟಿನ ಬರಹ ಈಗಾಗಲೇ ಇದ್ದಲ್ಲಿ ಅದನ್ನು ಮರಳಿ ಬೆರಳಚ್ಚಿಸುವ ಅಗತ್ಯವಿಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಲಭ್ಯವಿವೆ. ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಮೂಲದೊಂದಿಗೆ ತಾಳೆ ನೋಡತಕ್ಕದ್ದು. ವಿಶೇಷವಾಗಿ ಬೆಲೆ ಮತ್ತು ದೂರವಾಣಿ ಸಂಖ್ಯೆಗಳನ್ನು ಇಬ್ಬರು ಸೇರಿ ತಾಳೆ ನೋಡುವುದು ಒಳಿತು.

5. ಮೊದಲ ಪುಟ ಸಿದ್ಧಪಡಿಸುವ ಕ್ರಮ

ಟ್ಯಾಗುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಕೋನಾವರಣದೊಳಗೆ ಬೆರಳಚ್ಚಿಸಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಮಾತ್ರ ನೀಡಲಾಗಿದೆ.

(1) ಮೊದಲು ಕಾಗದದ ಮೇಲೆ ಪುಟದ ವಿಷಯ ಬರೆದುಕೊಳ್ಳಿ: ಗುಂಪಿನ ಹೆಸರು, ಊರು, ಪದಾರ್ಥಗಳು, ಬೆಲೆ, ಸಂಪರ್ಕಿಸುವ ಸಮಯ. ಆಹಾರ ಪದಾರ್ಥವಾದಲ್ಲಿ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನೂ ಸೇರಿಸಿ.

(2) ನೋಟ್‌ಪ್ಯಾಡ್ ತೆರೆದು ಎಚ್‌ಟಿಎಂಎಲ್ ಟ್ಯಾಗ್ ಬರೆಯಿರಿ. ಅದರಲ್ಲಿ ಭಾಷೆಯನ್ನು "ಕೆಎನ್" ಎಂದು ಸೂಚಿಸಿ. ಇದು ಕನ್ನಡದ ಅಂತರರಾಷ್ಟ್ರೀಯ ಸಂಕೇತ. ಅದರೊಳಗೆ "ಹೆಡ್" ಮತ್ತು "ಬಾಡಿ" ಎಂಬ ಎರಡು ಭಾಗಗಳಿರಲಿ.

(3) "ಹೆಡ್" ಭಾಗದ ಮೊದಲ ಸಾಲಿನಲ್ಲಿಯೇ "ಮೆಟಾ ಚಾರ್‌ಸೆಟ್" ಟ್ಯಾಗಿನ ಮೂಲಕ "ಯುಟಿಎಫ್-8" ಎಂದು ಘೋಷಿಸಿ. ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಉಳಿಸುವ ವಿಧಾನದ ಹೆಸರು ಇದು. ನಂತರ "ಟೈಟಲ್" ಟ್ಯಾಗಿನಲ್ಲಿ ಪುಟದ ಹೆಸರು ಬರೆಯಿರಿ. ಮೊಬೈಲಿನ ಅಗಲಕ್ಕೆ ಪುಟ ಹೊಂದಿಕೊಳ್ಳಲು "ವ್ಯೂಪೋರ್ಟ್" ಎಂಬ ಮೆಟಾ ಟ್ಯಾಗನ್ನೂ ಸೇರಿಸಿ.

(4) "ಬಾಡಿ" ಭಾಗದಲ್ಲಿ ಮುಖ್ಯ ಶೀರ್ಷಿಕೆಗೆ "ಎಚ್1", ಪ್ಯಾರಾಗಳಿಗೆ "ಪಿ", ಚಿತ್ರಕ್ಕೆ "ಐಎಂಜಿ", ಕೊಂಡಿಗೆ "ಎ" ಟ್ಯಾಗುಗಳನ್ನು ಬಳಸಿ. ಪ್ರತಿ ಚಿತ್ರಕ್ಕೂ "ಆಲ್ಟ್" ಎಂಬಲ್ಲಿ ಕನ್ನಡದ ವಿವರಣೆ ನೀಡಿ.

(5) ಕಡತವನ್ನು "ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್" ಎಂಬ ಹೆಸರಿನಲ್ಲಿ ಉಳಿಸಿ. ಉಳಿಸುವಾಗ ಕಡತದ ಬಗೆಯನ್ನು "ಆಲ್ ಫೈಲ್ಸ್" ಎಂದೂ, ಎನ್‌ಕೋಡಿಂಗ್ ಅನ್ನು "ಯುಟಿಎಫ್-8" ಎಂದೂ ಆರಿಸಬೇಕು. 2019ರ ನಂತರದ ವಿಂಡೋಸ್ 10 ಆವೃತ್ತಿಗಳಲ್ಲಿ ಇದು ತಾನಾಗಿಯೇ ಆಯ್ಕೆಯಾಗಿರುತ್ತದೆ. ಹಳೆಯ ಆವೃತ್ತಿಗಳಲ್ಲಿ "ಆನ್ಸಿ" ಎಂದಿದ್ದು, ಹಾಗೆಯೇ ಉಳಿಸಿದರೆ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಡುತ್ತವೆ. ಕಡತ ಮುಚ್ಚಿದ ಮೇಲೆ ಅವುಗಳನ್ನು ಮರಳಿ ಪಡೆಯಲಾಗದು.

(6) ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದಲ್ಲಿ ಅದು ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಇದಕ್ಕೆ ಅಂತರಜಾಲ ಸಂಪರ್ಕದ ಅಗತ್ಯವಿಲ್ಲ.

6. ವಿನ್ಯಾಸದಲ್ಲಿ ಗಮನಿಸಬೇಕಾದ ಅಂಶಗಳು

ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗಿಂತ ಹೆಚ್ಚು ಸಾಲಿನ ಅಂತರ ಬೇಕಾಗುತ್ತದೆ. ಅಕ್ಷರದ ಗಾತ್ರದ 1.6 ಪಟ್ಟು ಅಂತರವಿದ್ದರೆ ಓದಲು ಹಿತವಾಗಿರುತ್ತದೆ. ಸಿದ್ಧ ವಿನ್ಯಾಸಗಳನ್ನು ಬಳಸುವವರು ಇದನ್ನು ಅವಶ್ಯವಾಗಿ ಪರಿಶೀಲಿಸಬೇಕು. ಏಕೆಂದರೆ ಅವುಗಳಲ್ಲಿ ಬಹುತೇಕ ಇಂಗ್ಲಿಷನ್ನು ಗಮನದಲ್ಲಿರಿಸಿ ತಯಾರಾದವು.

ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರವನ್ನು ಗಾತ್ರ ತಗ್ಗಿಸದೆ ಹಾಕಬಾರದು. 4 ಮೆಗಾಬೈಟ್‌ನ ಒಂದು ಚಿತ್ರ ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಪೂರ್ಣವಾಗಿ ತೆರೆಯಲು 16 ಸೆಕೆಂಡು ತೆಗೆದುಕೊಳ್ಳುತ್ತದೆ. ಅಂತಹ ಐದು ಚಿತ್ರಗಳಿದ್ದರೆ 80 ಸೆಕೆಂಡು. ಅಷ್ಟು ಹೊತ್ತು ಕಾಯುವ ಗ್ರಾಹಕರು ವಿರಳ. ಚಿತ್ರದ ಅಗಲವನ್ನು 1000 ಪಿಕ್ಸೆಲ್ ಆಸುಪಾಸಿಗೆ ಇಳಿಸಿದರೆ ಪುಟಕ್ಕೆ ಸಾಕಾಗುತ್ತದೆ.

7. ವಿಳಾಸ ಮತ್ತು ಸ್ಥಳಾವಕಾಶ

ಪುಟವನ್ನು ಎಲ್ಲರಿಗೂ ತಲುಪಿಸಲು ಡೊಮೇನ್ ಹೆಸರು ಮತ್ತು ಹೋಸ್ಟಿಂಗ್ ಸ್ಥಳಾವಕಾಶ ಬೇಕು. ಭಾರತದ "ಡಾಟ್ ಇನ್" ವಿಳಾಸಗಳ ನೋಂದಣಿಯ ಹೊಣೆ ನಿಕ್ಸಿ ಸಂಸ್ಥೆಯದಾಗಿದ್ದು, ಅದರಿಂದ ಮಾನ್ಯತೆ ಪಡೆದ ನೋಂದಣಿದಾರರ ಮೂಲಕ ಹೆಸರು ಪಡೆಯಬಹುದು. "ಗವ್ ಡಾಟ್ ಇನ್" ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಮೀಸಲು.

ಡೊಮೇನ್ ಖರೀದಿಯ ವಸ್ತುವಲ್ಲ. ಅದು ನಿಗದಿತ ಅವಧಿಯ ನೋಂದಣಿ. ಅವಧಿಯೊಳಗೆ ನವೀಕರಿಸದಿದ್ದಲ್ಲಿ ಬೇರೆಯವರು ಅದೇ ಹೆಸರನ್ನು ಪಡೆಯಬಹುದು. ಕೆಲಸವನ್ನು ಬೇರೆಯವರಿಗೆ ವಹಿಸಿದರೂ ನೋಂದಣಿಯು ಸಂಘದ ಹೆಸರಿನಲ್ಲಿಯೂ ಸಂಘದ ಇ-ಮೇಲ್ ವಿಳಾಸದಲ್ಲಿಯೂ ಇರುವಂತೆ ನೋಡಿಕೊಳ್ಳಿ. ರಸೀದಿ, ಬಳಕೆದಾರ ಹೆಸರು, ನವೀಕರಣದ ದಿನಾಂಕಗಳನ್ನು ನಗದು ಪುಸ್ತಕದಷ್ಟೇ ಜೋಪಾನವಾಗಿ ಕಾಯ್ದಿರಿಸಿ. ನವೀಕರಣ ಶುಲ್ಕವನ್ನು ವಾರ್ಷಿಕ ಆಯವ್ಯಯ ಅಂದಾಜಿನಲ್ಲಿಯೇ ತೋರಿಸುವುದು ಸೂಕ್ತ.

ಸದಸ್ಯರ ಪಟ್ಟಿ ಪ್ರಕಟಿಸುವ ಸಂಘಗಳು ಆಧಾರ್ ಸಂಖ್ಯೆಗಳನ್ನು ಪುಟದಲ್ಲಿ ಹಾಕಬಾರದು. ಆಧಾರ್ ಕಾಯ್ದೆ, 2016ರ ಕಲಂ 29(4) ಸಾರ್ವಜನಿಕ ಪ್ರಕಟಣೆಯನ್ನು ನಿರ್ಬಂಧಿಸಿದೆ. ಬ್ಯಾಂಕ್ ಖಾತೆ ವಿವರಗಳಿಗೂ ಇದೇ ಎಚ್ಚರಿಕೆ ಇರಲಿ.

8. ಪ್ರಕಟಣೆಗೆ ಮುನ್ನ ಪರಿಶೀಲನೆ

• ಪುಟವನ್ನು ಸಿದ್ಧಪಡಿಸಿದ ಯಂತ್ರದಲ್ಲಲ್ಲದೆ, ಬೇರೆಯವರ ಮೊಬೈಲಿನಲ್ಲಿ ತೆರೆದು ನೋಡಲಾಗಿದೆಯೇ?
• ಪುಟದ ಒಂದು ಸಾಲನ್ನು ನಕಲು ಮಾಡಿ ಮೊಬೈಲ್ ಸಂದೇಶದಲ್ಲಿ ಅಂಟಿಸಿದಾಗ ಕನ್ನಡವಾಗಿಯೇ ಕಾಣುತ್ತದೆಯೇ?
• ಬ್ರೌಸರ್‌ನ ಹುಡುಕು ಸೌಲಭ್ಯದಲ್ಲಿ ಪುಟದಲ್ಲಿರುವ ಕನ್ನಡ ಪದವೊಂದನ್ನು ಬೆರಳಚ್ಚಿಸಿದಾಗ ಅದು ದೊರೆಯುತ್ತದೆಯೇ?
• ಚಿತ್ರದ ರೂಪದಲ್ಲಿರುವ ಸೂಚನೆಗಳು ಅಕ್ಷರ ರೂಪದಲ್ಲಿಯೂ ಇವೆಯೇ?
• ಬೆಲೆ, ದಿನಾಂಕ, ದೂರವಾಣಿ ಸಂಖ್ಯೆ ಸರಿ ಇವೆಯೇ? ಕೊನೆಯದಾಗಿ ಪರಿಷ್ಕರಿಸಿದ ದಿನಾಂಕವನ್ನು ನಮೂದಿಸಲಾಗಿದೆಯೇ?

ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳಿಗೆ ಒಂದೆರಡು ನಿಮಿಷ ಸಾಕು. ಇವುಗಳಲ್ಲಿ ತೇರ್ಗಡೆಯಾಗದ ಪುಟವನ್ನು ಹಣ ಪಾವತಿಸುವ ಮುನ್ನವೇ ಸರಿಪಡಿಸಿಕೊಡುವಂತೆ ವಿನ್ಯಾಸಕಾರರನ್ನು ಕೇಳಲು ಗ್ರಾಹಕರು ಹಿಂಜರಿಯಬೇಕಾಗಿಲ್ಲ.

ನಾಗರಿಕರು ಹಾಗೂ ಸಂಘ ಸಂಸ್ಥೆಗಳು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಲು ಕೋರಲಾಗಿದೆ.