ಬೆಂಕಿಗೊಂದು ಹೊಸ ಹೆಸರು

‘ಬೆಂಕಿ’ ಎಂಬ ಪದವು ಬೆಂಕಿಯ ಸ್ವರೂಪವನ್ನು ತಿಳಿಸುವುದೆ? ಇಲ್ಲ, ಅದು ರೂಢಿಯ ಹೆಸರು. ಹೆಸರೇ ವಸ್ತುವಿನ ಲಕ್ಷಣವನ್ನು ಸಾರುವಂತಹ ಭಾಷೆಯೊಂದನ್ನು ರಾಯಲ್ ಸೊಸೈಟಿಯ ಸ್ಥಾಪಕರಲ್ಲೊಬ್ಬನಾದ ಜಾನ್ ವಿಲ್ಕಿನ್ಸನು ರಚಿಸಿದನು. 1666ರ ಲಂಡನ್ ಅಗ್ನಿ ಅನಾಹುತದಲ್ಲಿ ಅವನ ಗ್ರಂಥದ ಅಚ್ಚಾದ ಹಾಳೆಗಳು ಬಹುಪಾಲು ಬೂದಿಯಾದರೂ, ಎದೆಗುಂದದೆ 1668ರಲ್ಲಿ ಅದನ್ನು ಪ್ರಕಟಿಸಿದನು.

ಸಕಲ ವಿಷಯಗಳನ್ನೂ ಅವನು 40 ವರ್ಗಗಳಾಗಿ ವಿಂಗಡಿಸಿದನು. ‘ಡೆ’ ಎಂದರೆ ಮೂಲತತ್ತ್ವ. ‘ಡೆಬ್’ ಎಂದರೆ ಅವುಗಳಲ್ಲಿ ಮೊದಲನೆಯದಾದ ಬೆಂಕಿ. ‘ಡೆಬಾ’ ಎಂದರೆ ಜ್ವಾಲೆ.

ಆದರೆ ದಹನವು ಆಮ್ಲಜನಕದೊಡನೆ ನಡೆಯುವ ಸಂಯೋಗವೆಂದು 18ನೆಯ ಶತಮಾನದಲ್ಲಿ ಲವಾಸಿಯೆ ತೋರಿಸಿದನು. ‘ಡೆಬ್’ ಸುಳ್ಳಾಯಿತು. ಲವಾಸಿಯೆಯೂ ಎಡವಿದನು: ಆಮ್ಲಗಳಿಗೆಲ್ಲ ಇದೇ ಕಾರಣವೆಂದು ಬಗೆದು ಆ ಅನಿಲಕ್ಕೆ ‘ಆಮ್ಲವನ್ನು ಹುಟ್ಟಿಸುವುದು’ ಎಂಬರ್ಥದ ಹೆಸರಿಟ್ಟನು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ!

ಅರಿವು ಬೆಳೆಯುತ್ತಿರುವಾಗ ರೂಢಿಯ ಹೆಸರೇ ಲೇಸು. ಏನನ್ನೂ ಸಾರದ ‘ಬೆಂಕಿ’ ಇಂದಿಗೂ ಸುಳ್ಳಾಗಿಲ್ಲ.